ಬೂದು ಕಂಬಳಿಯ ಸ್ವೀಕೃತಿ

ನಂಬರಿಲ್ಲದ ಪತ್ರ ಪತ್ರವೇ ಅಲ್ಲ, ಬರೀ ಮಾತು ಎಂಬುದು ವೆಂಕಟರಾಮು ಅವರ ಖಚಿತ ಅಭಿಪ್ರಾಯ. ಬೆಂಗಳೂರಿನ ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಸೇರಿ, ಮೂವತ್ತನಾಲ್ಕು ವರ್ಷ ಕಡತಗಳ ನಡುವೆ ಕಳೆದು, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು ಅವರು. ಯಾವ ಇಲಾಖೆ ಎಂದು ಕೇಳಿದವರಿಗೆ ಸರ್ಕಾರದ್ದೇ ಎಂದು ಉತ್ತರಿಸಿ ಹವೆಯ ವಿಚಾರ ತೆಗೆಯುತ್ತಿದ್ದರು. ಬೆಂಗಳೂರಿನ ಹವೆಯ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡಬಹುದಾದ್ದರಿಂದ ಇಲಾಖೆಯ ಹೆಸರು ಯಾರಿಗೂ ಗೊತ್ತಾಗಲಿಲ್ಲ.

2009ರ ಮೇ ತಿಂಗಳಲ್ಲಿ ಅವರು ಹೆಂಡತಿ ಲಲಿತಮ್ಮನವರ ಜೊತೆ ಅಮೆರಿಕದ ಬೋಲಿಂಗ್‌ಬ್ರೂಕಿನ ಮಗಳ ಮನೆಗೆ ಬಂದಿಳಿದರು. ಆರು ತಿಂಗಳ ವೀಸಾ. ಅಷ್ಟು ಹೊತ್ತಿಗೆ ಅಳಿಯ ಸುದೀಪನ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಮಗಳು ಲಾವಣ್ಯ ಬೆಳಿಗ್ಗೆ ಏಳಕ್ಕೆ ಓಕ್ ಬ್ರೂಕಿನ ಆಫೀಸಿಗೆ ಹೊರಟುಹೋಗುತ್ತಿದ್ದಳು. ಸುದೀಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದ. ಎದುರಿಗೆ ಮಾವ ಕೂರುತ್ತಿದ್ದರು. ಸುದೀಪ ಒಂದು ಅರ್ಜಿ ಕಳಿಸಿದಾಗಲೆಲ್ಲ ಅವರು ಅದರ ನಂಬರು ಕೇಳುತ್ತಿದ್ದರು. ಅದಕ್ಕೆ ನಂಬರ್ ಇರಲ್ಲ ಮಾವ, ವೆಬ್‌ಸೈಟಿಗೆ ಅಪ್‌ಲೋಡ್ ಮಾಡೋದು ಎಂದು ಅವನು ತಾಳ್ಮೆಯಿಂದ ಹೇಳುತ್ತಿದ್ದ. ಮತ್ತೆ ಅದು ತಲುಪಿತು ಅಂತ ಹೇಗೆ ಗೊತ್ತಾಗುತ್ತೆ ಎಂದು ಇವರು ಕೇಳುತ್ತಿದ್ದರು. ಗೊತ್ತಾಗುತ್ತಿರಲಿಲ್ಲ. ಅವನ ಕಷ್ಟವೂ ಅದೇ ಆಗಿತ್ತು.

ಎರಡು ವಾರ ಇದನ್ನು ನೋಡಿದ ಲಲಿತಮ್ಮ ಗಂಡನನ್ನು ಹೇಗಾದರೂ ಮನೆಯಿಂದ ಹೊರಗೆ ಹಾಕಬೇಕೆಂದು ತೀರ್ಮಾನಿಸಿದರು. ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಇಡ್ಲಿಗೆ ಕಾಯುತ್ತ ನಿಂತಿದ್ದಾಗ ಅನಸೂಯ ಎಂಬವರ ಪರಿಚಯವಾಯಿತು. ಮೈಸೂರಿನ ಸರಸ್ವತೀಪುರಂನವರು, ಮೂವತ್ತೆರಡು ವರ್ಷದಿಂದ ಡೌನರ್ಸ್ ಗ್ರೋವ್‌ನಲ್ಲಿದ್ದಾರೆ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. ಇಡೀ ವೃತ್ತಿಜೀವನ ಜನರನ್ನು ಮಲಗಿಸಿದ್ದಕ್ಕೋ ಏನೋ, ಈಗ ಎಲ್ಲರನ್ನೂ ಎಚ್ಚರಿಸುವ ಕೆಲಸ ಹಿಡಿದಿದ್ದರು. ಪ್ರತಿ ಗುರುವಾರ ಊರಿನ ಲೈಬ್ರರಿಯಲ್ಲಿ ಅವರ ಗುಂಪು ಸೇರುತ್ತಿತ್ತು. ದೂರದೇಶಗಳ ಜೈಲಿನಲ್ಲಿ ಅನ್ಯಾಯವಾಗಿ ಕೂತಿರುವವರ ಪರವಾಗಿ ಪತ್ರ ಬರೆಯುವುದು, ಹೊಸದಾಗಿ ಬಂದ ನಿರಾಶ್ರಿತರಿಗೆ ಮಂಚ, ಪಾತ್ರೆ, ಕೋಟು ಹೊಂದಿಸುವುದು ಅವರ ಕೆಲಸ. ನಮ್ಮನೆಯವರ ಅಕ್ಷರ ಮುತ್ತಿನಂಗಿದೆ ಎಂದು ಲಲಿತಮ್ಮ ಹೇಳಿ ಮುಗಿಸುವಷ್ಟರಲ್ಲಿ ಗುರುವಾರದ ಸವಾರಿ ನಿಕ್ಕಿಯಾಗಿತ್ತು.

ಆರ್ಥಿಕ ಹಿಂಜರಿತದ ಆ ವರ್ಷ ಗುಂಪಿಗೆ ಜನರ ಕೊರತೆಯಿರಲಿಲ್ಲ. ಕೆಲಸ ಕಳೆದುಕೊಂಡವರೆಲ್ಲ ಮಾನವ ಹಕ್ಕುಗಳ ಕಡೆ ತಿರುಗಿದ್ದರು. ಹನ್ನೊಂದು ಜನರಲ್ಲಿ ಐವರು ಹಿಂದಿನ ವರ್ಷದವರೆಗೂ ಮ್ಯಾನೇಜರುಗಳು. ಪತ್ರ ಬರೆಯುವುದಕ್ಕಿಂತ ಸಭೆ ನಡೆಸುವುದರಲ್ಲಿ ಅವರಿಗೆ ಹೆಚ್ಚು ಅಭ್ಯಾಸ. ಡೆಟ್ರಾಯಿಟ್ ಕಡೆಯ ಗುಂಪಿನವರು ಒಂದೇ ತಿಂಗಳಲ್ಲಿ ಏಳುನೂರು ಸಹಿ ಹಾಕಿಸಿದ್ದರೆಂಬ ಸುದ್ದಿ ಬಂದು ಇಲ್ಲಿಯವರಿಗೆ ನಿದ್ದೆ ಕೆಟ್ಟಿತ್ತು. ಅಲ್ಲಿ ಕಾರ್ ಕಂಪನಿಗಳವರೆಲ್ಲ ಮನೇಲೇ ಇದಾರೆ, ನಮಗೆ ಆ ಅಡ್ವಾಂಟೇಜ್ ಇಲ್ಲ ಎಂದು ಅನಸೂಯ ಸಮಾಧಾನ ಹೇಳುತ್ತಿದ್ದರು.

ವೆಂಕಟರಾಮು ಹೋದ ಮೊದಲ ಗುರುವಾರ ಮೇಜಿನ ಮೂಲೆಯಲ್ಲಿ ಮಿರಿಯಂ ಕೂತಿದ್ದಳು. ಅವಳ ದೇಶದ ಹೆಸರು ಇಲ್ಲಿ ಬೇಡ. ಅವಳ ಕಡೆಯವರು ಇನ್ನೂ ಅಲ್ಲಿದ್ದಾರೆ. ಮೂವತ್ತೈದರ ಹೆಂಗಸು. ಬೋಲಿಂಗ್‌ಬ್ರೂಕಿನ ಒಂದು ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿದ್ದಳು. ಅವಳ ಗಂಡ ದಾವಿತ್ ಭೂಗೋಳದ ಮೇಷ್ಟ್ರು. ಮೂರು ವರ್ಷದ ಹಿಂದೆ ಪಾಠ ಮಾಡುತ್ತಿದ್ದವನನ್ನು ತರಗತಿಯಿಂದಲೇ ಎಳೆದೊಯ್ದಿದ್ದರು. ಯಾಕೆಂದು ಹೇಳಲಿಲ್ಲ, ಎಲ್ಲಿಗೆಂದೂ ಹೇಳಲಿಲ್ಲ. ಉತ್ತರದ ಗುಡ್ಡಗಾಡಿನ ಒಂದು ಜೈಲಿನ ಕಡೆ ಆ ವಾಹನ ಹೋದದ್ದನ್ನು ಶಾಲೆಯ ಪಕ್ಕದ ಮನೆಯವನು ನೋಡಿದ್ದ, ಅಷ್ಟೇ.

ಮಿರಿಯಂಳ ಚೀಲದಲ್ಲಿ ವಲಸೆ ಇಲಾಖೆಗೆ ಕಳಿಸಬೇಕಾದ ಒಂದು ಅರ್ಜಿ ಇತ್ತು. ನಿರಾಶ್ರಿತಳಾಗಿ ಬಂದವಳು ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ಗಂಡನನ್ನು ಕರೆಸಿಕೊಳ್ಳುವ ಹಕ್ಕು. ಗಡುವು ಅಕ್ಟೋಬರ್ ಐದು. ಅರ್ಜಿಯನ್ನೆಲ್ಲ ತುಂಬಿದ್ದಳು, ಒಂದು ಚೌಕ ಬಿಟ್ಟು: ಗಂಡನ ಈಗಿನ ವಿಳಾಸ. ಗೊತ್ತಿಲ್ಲ ಎಂದು ಬರೆದರೂ ನಡೆಯುತ್ತದೆ ಎಂದು ವಕೀಲರು ಹೇಳಿದ್ದರು. ಅವಳಿಗೆ ನಡೆಯುತ್ತಿರಲಿಲ್ಲ. ಅತ್ತೆ ಮನೆಯವರು ಫೋನಿನಲ್ಲಿ, ಅವನು ಹೋದ ಎಂದು ತಿಳಿದುಕೋ, ಕಪ್ಪು ಉಡು, ನಲವತ್ತು ದಿನದ ಪ್ರಾರ್ಥನೆ ಮಾಡಿಸು ಎನ್ನುತ್ತಿದ್ದರು. ಸತ್ತವನನ್ನು ಅಮೆರಿಕಕ್ಕೆ ಕರೆಯುವುದು ಪಾಪವೋ, ಬದುಕಿದ್ದವನಿಗೆ ಕಪ್ಪು ಉಡುವುದು ಪಾಪವೋ ತಿಳಿಯದೆ ಅವಳು ಅರ್ಜಿಯನ್ನು ಚೀಲದಲ್ಲಿ ಹೊತ್ತು ತಿರುಗುತ್ತಿದ್ದಳು.

ಅವನ ಗುರುತಿಗೆಂದು ಅವಳ ಹತ್ತಿರ ಉಳಿದಿದ್ದದ್ದು ಒಂದು ಚೀಟಿ. ಬರುವಾಗ ಮೊಟ್ಟೆ ತರುತ್ತೇನೆ ಎಂದು ಬರೆದು ಸಹಿ ಹಾಕಿದ್ದ. ಹೆಂಡತಿಗೆ ಮೊಟ್ಟೆಯ ವಿಷಯ ಬರೆದರೂ ಸಹಿ ಹಾಕುವ ಮನುಷ್ಯ ವೆಂಕಟರಾಮು ಅವರಿಗೆ ತಕ್ಷಣ ಹಿಡಿಸಿದ. ಚೀಟಿಯನ್ನು ತಿರುವಿ ಹಿಂಬದಿ ಮುಟ್ಟಿ ನೋಡಿ ಎಂದಳು ಮಿರಿಯಂ. ಅಕ್ಷರಗಳು ಉಬ್ಬಿ ಬೆರಳಿಗೆ ಸಿಗುತ್ತಿದ್ದವು. ಅವನು ಪೆನ್ನನ್ನು ಅಷ್ಟು ಒತ್ತಿ ಹಿಡಿಯುತ್ತಿದ್ದನಂತೆ. ಅವನು ತಿದ್ದಿದ ಮಕ್ಕಳ ಪುಸ್ತಕಗಳು ಹರಿದು ಬರುತ್ತಿದ್ದವಂತೆ.

ಆ ದಿನ ಗುಂಪು ಬರೆದ ಪತ್ರ ಆ ದೇಶದ ಅಧ್ಯಕ್ಷರಿಗೆ. ತೀವ್ರ ಕಳವಳ, ಈ ಕೂಡಲೇ, ಬೇಷರತ್ತಾಗಿ ಎಂಬ ಮಾತುಗಳಿದ್ದವು. ಅನಸೂಯ ಅದನ್ನು ನಕಲು ಮಾಡಲು ವೆಂಕಟರಾಮು ಅವರ ಕೈಗೆ ಕೊಟ್ಟರು. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದು ಕಡತಕ್ಕೆ ಹೋಗತ್ತೆ" ಎಂದರು.

"ಅಂದ್ರೆ?"

"ಮೇಲಿಂದ ಕೆಳಗೆ ಬರತ್ತೆ. ಕೆಳಗಡೆ ಒಬ್ಬ ಗುಮಾಸ್ತ ಇರ್ತಾನೆ. ಬಿಡುಗಡೆ ಮಾಡೋ ಅಧಿಕಾರ ಅವನಿಗಿಲ್ಲ. ಇಲ್ಲ ಅಂತ ಉತ್ತರ ಬರೆಯೋ ಅಧಿಕಾರಾನೂ ಇಲ್ಲ. ಫೈಲ್ ಮಾಡ್ತಾನೆ, ಊಟಕ್ಕೆ ಹೋಗ್ತಾನೆ."

ಏಳುನೂರು ಸಹಿ ಬಂದರೆ ಎಂದು ಒಬ್ಬ ಮಾಜಿ ಮ್ಯಾನೇಜರು ಕೇಳಿದ. ದಪ್ಪ ಕಡತವಾಗುತ್ತದೆ ಎಂದರು ವೆಂಕಟರಾಮು. ಆಮೇಲೆ ತಮ್ಮ ಸಲಹೆಯನ್ನು ಮುಂದಿಟ್ಟರು. ಅಧ್ಯಕ್ಷರನ್ನು ಅವರ ಪಾಡಿಗೆ ಬಿಡಿ. ಆ ಗುಡ್ಡದ ಜೈಲಿಗೆ, ದಾವಿತ್‌ನ ಹೆಸರಿಗೆ, ಒಂದು ಕಂಬಳಿ ಕಳಿಸಿ. ರಿಜಿಸ್ಟರ್ಡ್, ಸ್ವೀಕೃತಿ ಕಾರ್ಡಿನ ಸಮೇತ. ಪತ್ರವನ್ನು ಫೈಲ್ ಮಾಡಬಹುದು, ಕಂಬಳಿಯನ್ನು ಫೈಲ್ ಮಾಡುವುದಕ್ಕಾಗುವುದಿಲ್ಲ. ಅದು ಗುಮಾಸ್ತನ ಮೇಜಿನ ಮೇಲೆ ಕೂರುತ್ತದೆ. ಮನುಷ್ಯ ಇದ್ದರೆ ಸಹಿ ತೆಗೆದುಕೊಂಡು ಕಾರ್ಡು ವಾಪಸ್ ಮಾಡಬೇಕು, ಇಲ್ಲದಿದ್ದರೆ ಯಾಕಿಲ್ಲ ಎಂದು ಬರೆದು ಕಂಬಳಿ ವಾಪಸ್ ಮಾಡಬೇಕು. ಗುಮಾಸ್ತನಿಗೆ ನ್ಯಾಯ ಬೇಕಿಲ್ಲ, ಕಡತ ಮುಗಿಯಬೇಕು.

ಅನಸೂಯ ಮುಖ ಗಂಟಿಕ್ಕಿದರು. "ವೆಂಕಟರಾಮು ಅವ್ರೇ, ಬೇಸಿಕಲಿ ನಾವು ರಿಲೀಸ್ ಡಿಮ್ಯಾಂಡ್ ಮಾಡೋರು. ಬ್ಲಾಂಕೆಟ್ ಕಳಿಸಿದ್ರೆ ಆ ಜೈಲು ಸರಿ ಇದೆ ಅಂತ ಒಪ್ಪಿಕೊಂಡ ಹಾಗಾಗಲ್ವಾ?"

ತತ್ವದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಕಡೆಗೆ ಯಾರಿಗೋ ಮಿರಿಯಂಳನ್ನು ಕೇಳಬೇಕೆನ್ನಿಸಿತು. ಅವನಿಗೆ ಚಳಿ ಜಾಸ್ತಿ, ಕಂಬಳಿ ದಪ್ಪವಿರಲಿ ಎಂದಳು ಅವಳು. ಬಿಡುಗಡೆಯ ಪತ್ರವೂ ಹೋಗಲಿ, ಕಂಬಳಿಯೂ ಹೋಗಲಿ ಎಂದು ನಿರ್ಣಯವಾಯಿತು.

ಇಂಗ್ಲಿಷಿನಲ್ಲಿದ್ದ ವೆಂಕಟರಾಮು ಅವರ ಪತ್ರ ಹೀಗಿತ್ತು. ಸಂಖ್ಯೆ: ವಿಆರ್/ಡಿಜಿ/417/2009. ವಿಷಯ: ಕಂಬಳಿ ಒಂದನ್ನು ಕಳುಹಿಸಿರುವ ಬಗ್ಗೆ. ಮಾನ್ಯರೇ, ತಮ್ಮ ಸಂಸ್ಥೆಯಲ್ಲಿರುವ ಶ್ರೀ ದಾವಿತ್, ಭೂಗೋಳ ಶಿಕ್ಷಕರು, ಇವರ ಬಳಕೆಗಾಗಿ ಬೂದು ಬಣ್ಣದ ಕಂಬಳಿ ಒಂದನ್ನು ಇದರೊಂದಿಗೆ ಲಗತ್ತಿಸಿದೆ. ಸದರಿಯವರಿಂದ ಸ್ವೀಕೃತಿ ಪಡೆದು ಹಿಂತಿರುಗಿಸಲು ಕೋರಲಾಗಿದೆ. ಲಗತ್ತು: ಒಂದು. ವಿಆರ್ ಅಂದರೆ ವೆಂಕಟರಾಮು, ಡಿಜಿ ಅಂದರೆ ಡೌನರ್ಸ್ ಗ್ರೋವ್ ಸರಿ, ಮೊದಲ ಪತ್ರಕ್ಕೇ 417 ಯಾಕೆ ಎಂದು ಅನಸೂಯ ಕೇಳಿದರು. ನಂಬರ್ ಒಂದು ಎಂದು ಬರೆದರೆ ಯಾವ ಗುಮಾಸ್ತನೂ ಮರ್ಯಾದೆ ಕೊಡುವುದಿಲ್ಲ. ಹಿಂದೆ ನಾನೂರ ಹದಿನಾರು ಪತ್ರ ಬರೆದು ಜಯಿಸಿದವನು ಎಂದು ಅವನಿಗೆ ಅನ್ನಿಸಬೇಕು ಎಂದರು ಇವರು.

ಸುದೀಪನೇ ಅವರನ್ನು ಅಂಚೆ ಕಚೇರಿಗೆ ಕರೆದೊಯ್ದ. ರಿಜಿಸ್ಟರ್ಡ್ ಅಂಚೆಗೆ ಕಂಬಳಿ ನಾಲ್ಕು ಪೌಂಡಿನೊಳಗೆ ಬರಬೇಕಾಗಿತ್ತು. ಎರಡು ಔನ್ಸ್ ಹೆಚ್ಚಾಗಿತ್ತು. ಅಂಚೆಯವಳ ಕತ್ತರಿ ಕೇಳಿ ಪಡೆದು, ಮಾವ ಅಳಿಯ ಇಬ್ಬರೂ ಕೌಂಟರಿನ ಪಕ್ಕದಲ್ಲಿ ಕಂಬಳಿಯ ಅಂಚಿನ ಸ್ಯಾಟಿನ್ ಪಟ್ಟಿ ಬಿಚ್ಚಿದರು. ಸುದೀಪ ಮೂರು ತಿಂಗಳ ಮೇಲೆ ಮೊದಲ ಸಲ ಏನೋ ಒಂದು ಕೆಲಸ ಮುಗಿಸಿದವನ ಹಾಗೆ ಕಂಡ. ಗುಲಾಬಿ ಬಣ್ಣದ ಸ್ವೀಕೃತಿ ಕಾರ್ಡನ್ನು ವೆಂಕಟರಾಮು ತಾವೇ ಅಂಟಿಸಿ, ನಾಲ್ಕೂ ಮೂಲೆ ಒತ್ತಿ ನೋಡಿದರು.

ಜೂನ್ ಹೋಯಿತು, ಜುಲೈ ಹೋಯಿತು. ಅಧ್ಯಕ್ಷರ ಕಚೇರಿಯೂ ಉತ್ತರಿಸಲಿಲ್ಲ, ಜೈಲೂ ಉತ್ತರಿಸಲಿಲ್ಲ, ಸುದೀಪನ ಕಂಪನಿಗಳೂ ಉತ್ತರಿಸಲಿಲ್ಲ. ವೆಂಕಟರಾಮು ಮೂವತ್ತು ದಿನಕ್ಕೆ ಸರಿಯಾಗಿ ಮೊದಲ ಜ್ಞಾಪನ ಕಳಿಸಿದರು. ಮತ್ತೆ ಮೂವತ್ತು ದಿನಕ್ಕೆ ಎರಡನೆಯ ಜ್ಞಾಪನ. ಎರಡನೆಯದರ ಕೆಳಗೆ, ಕೈ ಅಭ್ಯಾಸದಿಂದ, ಒಂದು ಸಾಲು ಸೇರಿಸಿದರು: ಪ್ರತಿ, ಕಾರಾಗೃಹಗಳ ಮುಖ್ಯಾಧಿಕಾರಿಯವರ ಮಾಹಿತಿಗಾಗಿ. ಕೆಲಸ ಮಾಡದ ಗುಮಾಸ್ತನ ಬೆನ್ನ ಹಿಂದೆ ಅವನ ಮೇಲಿನವನನ್ನು ನಿಲ್ಲಿಸುವ ಈ ಒಂದು ಸಾಲಿಗೆ ಅವರ ಕಚೇರಿಯಲ್ಲಿ ಎಲ್ಲರೂ ಹೆದರುತ್ತಿದ್ದರು. ಅದೇ ಹೆಮ್ಮೆಯಿಂದ ಅವರು ಗುರುವಾರ ಆ ಜ್ಞಾಪನದ ನಕಲನ್ನು ಮೇಜಿನ ಮೇಲಿಟ್ಟರು. ಮೂಲ ಅದಾಗಲೇ ಅಂಚೆಗೆ ಹೋಗಿಯಾಗಿತ್ತು.

ಮಿರಿಯಂ ಅದನ್ನು ಓದಿದಳು. ಅವಳು ಯಾರನ್ನೂ ಬೈಯಲಿಲ್ಲ. ನಮ್ಮಲ್ಲಿ ಮೇಲಿನವರಿಂದ ಬೈಸಿಕೊಂಡ ಗುಮಾಸ್ತ ಆ ಸಿಟ್ಟನ್ನು ನಿಮ್ಮ ಮೇಲೆ ತೀರಿಸಲಾರ, ಒಳಗಿರುವವನ ಮೇಲೆ ತೀರಿಸುತ್ತಾನೆ ಎಂದಷ್ಟೇ ಹೇಳಿ, ಚೀಲ ಎತ್ತಿಕೊಂಡು ಹೊರಟುಹೋದಳು. ಮುಂದಿನ ಗುರುವಾರ ಬರಲಿಲ್ಲ, ಅದರ ಮುಂದಿನ ಗುರುವಾರವೂ ಬರಲಿಲ್ಲ.

ವೆಂಕಟರಾಮು ಅವರಿಗೆ ಊಟ ಸೇರದಾಯಿತು. ಎಲ್ಲ ದೇಶದ ಗುಮಾಸ್ತರೂ ಒಂದೇ ಎಂದು ನಂಬಿದ್ದರು. ಒಂದೇ ಇರಬಹುದು, ಆದರೆ ತಮ್ಮ ಕೈಯಲ್ಲಿ ಯಾವತ್ತೂ ಮನುಷ್ಯರು ಸಿಕ್ಕಿಬಿದ್ದಿರಲಿಲ್ಲ, ಕಾಗದ ಮಾತ್ರ ಇತ್ತು ಎಂದು ಅವರಿಗೆ ಈಗ ಹೊಳೆಯಿತು. ಹಾಗೆ ಅಂದುಕೊಂಡ ಮರುಗಳಿಗೆ, ಅದೂ ಸುಳ್ಳು ಎಂದು ನೆನಪಾಯಿತು.

ಆ ನೆನಪನ್ನು ಅವರು ಹೇಳಿದ್ದು ಅನಸೂಯ ಅವರಿಗೆ. ಸೆಪ್ಟೆಂಬರಿನ ಒಂದು ಗುರುವಾರ ಸಂಜೆ ಅವರನ್ನು ಮನೆಗೆ ಬಿಡಲು ಡ್ರೈವ್ ಮಾಡುತ್ತಿದ್ದ ಅನಸೂಯ, ಕಂಬಳಿ ಕಳಿಸಿದರೆ ಉತ್ತರ ಬರುತ್ತದೆ ಎಂದು ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳಿದಿರಿ ಎಂದು ಕೇಳಿದರು. ಅದರಲ್ಲಿ ಸಿಟ್ಟೂ ಇತ್ತು. ಈ ಸಲ ವೆಂಕಟರಾಮು ಹವೆಯ ವಿಷಯ ತೆಗೆಯಲಿಲ್ಲ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರಿದ್ದ ಶಾಖೆಗೆ ಬಂಧಿತರ ಮನೆಯವರ ಪತ್ರಗಳು ಬರುತ್ತಿದ್ದವು. ಒಬ್ಬ ಹೆಂಗಸು ಹನ್ನೊಂದು ಪತ್ರ ಬರೆದಿದ್ದಳು. ಗಂಡ ಒಂದು ಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದವನು. ಹಿಡಿದುಕೊಂಡು ಹೋಗುವಾಗ ಅವನ ಕನ್ನಡಕ ಮನೆಯಲ್ಲೇ ಉಳಿದಿತ್ತು. ಅದನ್ನು ತಲುಪಿಸಿ ಎಂದು ಬೇಡಿಕೊಂಡಿದ್ದಳು. ಕಡೆಗೆ ಕನ್ನಡಕವನ್ನೇ ಒಂದು ಡಬ್ಬಿಯಲ್ಲಿಟ್ಟು, ಸಾದಾ ಅಂಚೆಯಲ್ಲಿ, ಕಚೇರಿಗೆ ಕಳಿಸಿದಳು. ಏನು ಮಾಡಬೇಕೆಂದು ಆದೇಶವಿರಲಿಲ್ಲ. ವೆಂಕಟರಾಮು ಹನ್ನೊಂದು ಪತ್ರಗಳನ್ನು ಕಡತಕ್ಕೆ ಹಾಕಿದರು, ಡಬ್ಬಿಯನ್ನು ಡ್ರಾಯರಿಗೆ ಹಾಕಿದರು.

"ಪತ್ರಗಳು ಒಂದೂ ನೆನಪಿಲ್ಲ ನಂಗೆ. ಡಬ್ಬಿ ಮಾತ್ರ ಪೆನ್ಸಿಲ್ ತೆಗೆಯೋವಾಗೆಲ್ಲ ಕಾಣೋದು. ಒಂದು ಸ್ವೀಕೃತಿ ಕಾರ್ಡು ಅಂಟಿಸಿದ್ದಿದ್ರೆ ನಾನು ಅದನ್ನ ಜೈಲಿಗೆ ಕಳಿಸ್ಲೇಬೇಕಾಗಿತ್ತು. ರೂಲ್ಸ್ ಇತ್ತು ಅದಕ್ಕೆ. ಅವಳಿಗೆ ಯಾರೂ ಹೇಳ್ಕೊಡ್ಲಿಲ್ಲ."

ಆಮೇಲೇನಾಯಿತು ಎಂದರು ಅನಸೂಯ. ಆಮೇಲೆ ಎಪ್ಪತ್ತೇಳರಲ್ಲಿ ಗಂಡ ಬಿಡುಗಡೆಯಾಗಿ ಬಂದ. ಹತ್ತೊಂಬತ್ತು ತಿಂಗಳು ಒಂದಕ್ಷರ ಓದಿರಲಿಲ್ಲ. ಡಬ್ಬಿ ಕೇಳಿಕೊಂಡು ಹೆಂಗಸು ಕಚೇರಿಗೆ ಬಂದಳು. ವೆಂಕಟರಾಮು ಡ್ರಾಯರಿನಿಂದ ತೆಗೆದುಕೊಟ್ಟರು. ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದಕ್ಕೆ ಉಪಕಾರವಾಯಿತು ಎಂದು ಅವಳು ಕೈಮುಗಿದು ಹೋದಳು. ಬೈದಿದ್ದರೆ ಮರೆತುಬಿಡುತ್ತಿದ್ದೆ ಎಂದರು ವೆಂಕಟರಾಮು. ಅನಸೂಯ ಮನೆಯ ತಿರುವು ಬಂದರೂ ತಿರುಗಿಸದೆ ಮುಂದೆ ಹೋಗಿ, ಇನ್ನೊಂದು ಬಡಾವಣೆ ಸುತ್ತಿ ವಾಪಸ್ ಬಂದರು.

ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಮಂಗಳವಾರ. ಸುದೀಪ ಮೇಲ್‌ಬಾಕ್ಸಿನಿಂದ ಬರುವಾಗ ನಡೆದು ಬರಲಿಲ್ಲ, ಓಡಿ ಬಂದ. ಅವನಿಗೆ ಕೆಲಸವೇ ಸಿಕ್ಕಿತೆಂದು ಲಲಿತಮ್ಮ ದೇವರ ಮುಂದೆ ನಿಂತುಬಿಟ್ಟರು. ಅವನ ಕೈಯಲ್ಲಿ ವಿದೇಶದ ಅಂಚೆಚೀಟಿ ಹಚ್ಚಿದ ಉದ್ದನೆಯ ಲಕೋಟೆ ಇತ್ತು. ವೆಂಕಟರಾಮು ಅದನ್ನು ಒಡೆಯಲಿಲ್ಲ. ಗೋದಾಮಿನಲ್ಲಿ ಮಿರಿಯಂಳ ಪಾಳಿ ಮೂರಕ್ಕೆ ಮುಗಿಯುತ್ತದೆ, ಹೊರಡು ಎಂದರು.

ಗೋದಾಮಿನ ಪಾರ್ಕಿಂಗ್ ಜಾಗದಲ್ಲಿ ಅವಳು ಇವರನ್ನು ನೋಡಿ ನಿಂತುಬಿಟ್ಟಳು. ಮೈಮೇಲೆ ಕಪ್ಪು ಬಟ್ಟೆಯಿತ್ತು. ಅತ್ತೆ ಮನೆಯವರ ಮಾತು ಕೇಳಿದಳೋ ಅಥವಾ ಅದು ಗೋದಾಮಿನ ಸಮವಸ್ತ್ರವೋ ಎಂದು ವೆಂಕಟರಾಮು ಅವರಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವಳು ವಾಪಸ್ ಅವರಿಗೇ ಕೊಟ್ಟಳು.

"ನೀವೇ ಓದಿ" ಎಂದಳು.

ಓದಿದರು. ತಮ್ಮ ಪತ್ರ ಸಂಖ್ಯೆ ವಿಆರ್/ಡಿಜಿ/417/2009 ಮತ್ತು ಎರಡು ಜ್ಞಾಪನಗಳಿಗೆ ಸಂಬಂಧಿಸಿದಂತೆ. ಸದರಿ ಕಂಬಳಿಯನ್ನು ಸದರಿ ವ್ಯಕ್ತಿಗೆ ಸೆಪ್ಟೆಂಬರ್ ಹತ್ತರಂದು ತಲುಪಿಸಿ ಸ್ವೀಕೃತಿ ಪಡೆಯಲಾಗಿದೆ. ವಿಳಂಬಕ್ಕೆ ವಿಷಾದವಿದೆ. ಎರಡು ಕಿಲೋ ಮೀರಿದ ಪೊಟ್ಟಣಗಳನ್ನು ಸ್ವೀಕರಿಸುವುದಿಲ್ಲ ಎಂಬುದನ್ನು ಗಮನಿಸುವುದು. ಈ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗೆ ಒಂದು ಸಹಿ, ಒಂದು ಮೊಹರು, ಜೈಲಿನ ಅಂಚೆಪೆಟ್ಟಿಗೆ ಸಂಖ್ಯೆ. ಜೊತೆಗೆ ಗುಲಾಬಿ ಕಾರ್ಡು.

ಕಾರ್ಡಿನ ಮೇಲೆ ಒಂದು ಹೆಸರಿತ್ತು. ಅಕ್ಷರಗಳು ಅಂಕುಡೊಂಕಾಗಿದ್ದವು, ಬಹಳ ದಿನದಿಂದ ಪೆನ್ನು ಹಿಡಿಯದ ಕೈ ಬರೆದ ಹಾಗಿತ್ತು. ಯಾವ ಗುಮಾಸ್ತ ಬೇಕಾದರೂ ಹಾಗೆ ಗೀಚಿ ಕಳಿಸಬಹುದು. ಅದು ವೆಂಕಟರಾಮು ಅವರಿಗೂ ಗೊತ್ತು, ಮಿರಿಯಂಳಿಗೂ ಗೊತ್ತು. ಅವಳು ಸಹಿಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಕಾರ್ಡನ್ನು ತಿರುವಿದಳು. ಕಣ್ಣು ಮುಚ್ಚಿ ಹಿಂಬದಿಯ ಮೇಲೆ ಬೆರಳಾಡಿಸಿದಳು. ಒಂದು ಕಡೆ ಕಾರ್ಡು ತೂತೇ ಬಿದ್ದಿತ್ತು.

ಅವಳು ಕಾರಿನ ಬಾನೆಟ್ಟಿಗೆ ಒರಗಿ ಅತ್ತಳು. ಪಾಳಿ ಮುಗಿಸಿ ಬರುತ್ತಿದ್ದವರು ಇನ್ನೊಬ್ಬಳ ಕೆಲಸ ಹೋಯಿತೆಂದು ತಿಳಿದು ಹೆಗಲು ತಟ್ಟಿ ಮುಂದೆ ಹೋದರು. ವೆಂಕಟರಾಮು ಅವರ ಕಣ್ಣೂ ತುಂಬಿ ಬಂತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ಸಂಜೆಯೇ ಅವರು 418ನೇ ಪತ್ರ ಬರೆದರು. ವಿಷಯ: ಕೃತಜ್ಞತೆ. ಕಂಬಳಿಯನ್ನು ಜೋಪಾನವಾಗಿ ತಲುಪಿಸಿದ್ದಕ್ಕೆ ಉಪಕಾರವಾಯಿತು. ಪ್ರತಿ ಯಾರಿಗೂ ಹಾಕಲಿಲ್ಲ.

ಗುರುವಾರ ಮಿರಿಯಂ ಲೈಬ್ರರಿಗೆ ಬಂದಳು. ಎರಡು ಕಿಲೋ ಒಳಗೆ ಎಷ್ಟು ಜೊತೆ ಉಣ್ಣೆಯ ಕಾಲುಚೀಲ ಹಿಡಿಯುತ್ತವೆ ಎಂದು ಅನಸೂಯ ಅಡುಗೆಮನೆಯ ತಕ್ಕಡಿಯನ್ನೇ ತಂದಿಟ್ಟುಕೊಂಡು ತೂಗುತ್ತಿದ್ದರು. ತತ್ವದ ವಿಷಯ ಅವರೂ ಎತ್ತಲಿಲ್ಲ, ಬೇರೆಯವರೂ ಎತ್ತಲಿಲ್ಲ. ಮಿರಿಯಂ ಚೀಲದಿಂದ ಅರ್ಜಿ ತೆಗೆದು ವೆಂಕಟರಾಮು ಅವರ ಮುಂದೆ ಇಟ್ಟಳು. ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೆಯಿರಿ ಎಂದಳು. ಇವರು ಒಪ್ಪಲಿಲ್ಲ. ಅರ್ಜಿದಾರರ ಸ್ವಹಸ್ತಾಕ್ಷರವೇ ಆಗಬೇಕು ಎಂದರು. ಅಂಥ ನಿಯಮವೇನೂ ಇರಲಿಲ್ಲ.

ಅವಳು ಮೊಹರಿನಲ್ಲಿದ್ದ ಜೈಲಿನ ಹೆಸರನ್ನೂ ಅಂಚೆಪೆಟ್ಟಿಗೆ ಸಂಖ್ಯೆಯನ್ನೂ ನೋಡಿ ನೋಡಿ ಆ ಖಾಲಿ ಚೌಕದೊಳಗೆ ಬರೆದಳು. ಗಂಡನ ಈಗಿನ ವಿಳಾಸ. ಬರೆದು ಮುಗಿಸಿ ಲಕೋಟೆಗೆ ಹಾಕಿ, ಲೈಬ್ರರಿಯ ಎದುರಿನ ನೀಲಿ ಅಂಚೆಡಬ್ಬದ ಕಡೆ ನಡೆದಳು. ಗಡುವಿಗೆ ನಾಲ್ಕು ದಿನವಿತ್ತು. ವೆಂಕಟರಾಮು ಅರವತ್ತೇಳು ವರ್ಷದ ಮೊಣಕಾಲಿನಲ್ಲಿ ಅವಳ ಹಿಂದೆ ಓಡಿ, ಡಬ್ಬದ ಬಾಯಿಂದ ಲಕೋಟೆಯನ್ನು ಕಿತ್ತುಕೊಂಡರು. ಸಾದಾ ಅಂಚೆಯಲ್ಲಿ ಬೇಡಮ್ಮ ಎಂದರು. ಅಂಚೆ ಕಚೇರಿ ಮುಚ್ಚಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಮಾವನನ್ನು ಕರೆದೊಯ್ಯಲು ಬಂದಿದ್ದ ಸುದೀಪ ಕಾರು ಓಡಿಸಿದ. ಕೌಂಟರಿನವಳು ಒಂದು ಸ್ವೀಕೃತಿ ಕಾರ್ಡು ಕೊಟ್ಟಳು. ದೇಶದೊಳಗಿನದಾದ್ದರಿಂದ ಇದು ಹಸಿರು. ಎಲ್ಲಿ ಹೆಸರು, ಎಲ್ಲಿ ವಿಳಾಸ ಎಂದು ವೆಂಕಟರಾಮು ಬೆರಳಿಟ್ಟು ತೋರಿಸಿದರು. ಮಿರಿಯಂ ಬಾಗಿ ತನ್ನ ಹೆಸರು ಬರೆದಳು. ಹಿಂದೆ ಸಾಲಿನಲ್ಲಿ ಐದಾರು ಜನ ಕಾಯುತ್ತಿದ್ದರು. ಅವಳು ಅವಸರ ಮಾಡಲಿಲ್ಲ, ಪೆನ್ನನ್ನು ಒತ್ತಿ ಒತ್ತಿ ಬರೆದಳು.